ಒಬ್ದೂಲಿಯಾಳ ಮೂಗು

ವಲೆನ್ಸಿಯಾದ ನಮ್ಮ ಬಾಲ್ದೋವಿ ಮನೆತನದ ಕಿತ್ತಳೆ ಹೂವಿನ ಕಲೋನ್, ಅಂದರೆ ಮೈಗೆ ಬಳಿಯುವ ಸುಗಂಧದ ನೀರು, ಹುಟ್ಟಿದ್ದು ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಸ್ಪೇನಿನ ಅಂತರ್ಯುದ್ಧ ಮುಗಿದ ಹೊಸತರಲ್ಲಿ ಹೆಂಗಸರು ಖಾಲಿ ಬಾಟಲಿ ತಂದು ತುಂಬಿಸಿಕೊಂಡು ಹೋಗುತ್ತಿದ್ದರಂತೆ. ಅಂಗಡಿಯಾತ ಸತ್ತ ಮೇಲೆ ಅವನ ಹೆಂಡತಿ ಕಾರ್ಖಾನೆ ಕಟ್ಟಿದಳು, ಮಗ ದೋನ್ ಎವರಿಸ್ತೊ ಬೆಳೆಸಿದರು, ಈಗ ಮೊಮ್ಮಗಳು ಇನೆಸ್ ನೋಡಿಕೊಳ್ಳುತ್ತಾಳೆ. ಚರಿತ್ರೆ ಬರೆಯುವವರು ಇಷ್ಟು ಬರೆದು ಮುಗಿಸುತ್ತಾರೆ. ಬಾಟಲಿ ತುಂಬುವ ನನ್ನನ್ನು ಕೇಳಿದರೆ, ಆ ಮನೆಯನ್ನು ಇಷ್ಟು ವರ್ಷ ಹಿಡಿದು ನಿಲ್ಲಿಸಿದ್ದು ಒಬ್ದೂಲಿಯಾಳ ಮೂಗು.

ಬಾಟಲಿ ತೊಳೆಯಲು ಸೇರಿದ ಹುಡುಗಿ ಅವಳು. ಒಂದು ದಿನ ಕಲೋನ್ ತೊಟ್ಟಿಯ ಪಕ್ಕ ಹಾದುಹೋಗುತ್ತಾ, "ಇದ್ರಲ್ಲಿ ನಿಂಬೆ ಜಾಸ್ತಿಯಾಯ್ತಲ್ಲಾ" ಎಂದುಬಿಟ್ಟಳಂತೆ. ಯಜಮಾನಿ ಪರೀಕ್ಷೆ ಮಾಡಿ ನೋಡಿದರೆ ನಿಜವೇ. ಅಂದೇ ಅವಳನ್ನು ಮೂಸುವ ಮೇಜಿಗೆ ಕೂರಿಸಿದರು. ಅಲ್ಲಿಂದೀಚೆಗೆ ಅವಳು "ಹೂಂ" ಎನ್ನದೆ ಒಂದು ಹನಿಯೂ ನಮ್ಮ ಬಾಗಿಲು ದಾಟಿಲ್ಲ.

ಮೂಸುವ ದಿನದ ಮಡಿಯನ್ನಂತೂ ಕೇಳಲೇಬೇಡಿ. ಬೆಳ್ಳುಳ್ಳಿ ಇಲ್ಲ, ಕಾಫಿ ಇಲ್ಲ, ಘಮಘಮಿಸುವ ಸೋಪಿಲ್ಲ. ಎರಡೂ ಕೆನ್ನೆಗೆ ಮುತ್ತಿಡದೆ ಯಾರನ್ನೂ ಮಾತಾಡಿಸದ ನಾವು ಅವತ್ತು ಮಾತ್ರ ಮಾರು ದೂರ ನಿಲ್ಲಬೇಕು. ನನಗೆ ಬೆಳಗಿನ ಕಾಫಿ ತಪ್ಪಿದರೆ ಮೈಯೆಲ್ಲ ಉರಿ, ಆದರೂ ಬಾಯಿ ಮುಚ್ಚಿಕೊಂಡು ಪಾಲಿಸುತ್ತಿದ್ದೆ.

ಹೋದ ವಸಂತದಲ್ಲಿ ಇನೆಸ್ ತಾನೇ ಬೆರೆಸಿದ ಮೊದಲ ತೊಟ್ಟಿ ಸಿದ್ಧವಾಯಿತು. ಕರವಸ್ತ್ರ ಅದ್ದಿ ಒಣಗಿಸಿದೆವು. ಇನೆಸ್ ಮೂಸಿದಳು, ನಾನು ಮೂಸಿದೆ, ಚೆನ್ನಾಗಿಯೇ ಇತ್ತು. ಒಬ್ದೂಲಿಯಾ ಬಗ್ಗಿ ಮೂಸಿ ಮುಖ ಸಿಂಡರಿಸಿದಳು.

"ಲ್ಯಾವೆಂಡರ್ ಸೇರಿದೆ."

"ಲ್ಯಾವೆಂಡರ್ ನಮ್ಮ ಕಾರ್ಖಾನೇಲೇ ಇಲ್ವಲ್ಲ, ಒಬ್ದೂಲಿಯಾ!" ಇನೆಸ್ ಕರವಸ್ತ್ರವನ್ನು ಮತ್ತೆ ಮೂಗಿಗೆ ಹಿಡಿದಳು. ಒಬ್ದೂಲಿಯಾ ಒಪ್ಪದಿದ್ದರೆ ಇಡೀ ತೊಟ್ಟಿ ಚರಂಡಿ ಪಾಲು.

ಇನ್ನೊಂದು ಕರವಸ್ತ್ರ ಕೊಟ್ಟೆವು. ಮತ್ತೆ ಲ್ಯಾವೆಂಡರ್. ನನಗೆ ಅನುಮಾನ ಬಂದು ಬರೀ ನೀರಲ್ಲಿ ಅದ್ದಿದ್ದನ್ನು ಕೊಟ್ಟೆ.

"ಇದ್ರಲ್ಲಿ ಕಿತ್ತಳೆ ಹೂವೇ ಇಲ್ಲ, ಬರೀ ಲ್ಯಾವೆಂಡರೇ!"

"ಅದು ನಲ್ಲಿ ನೀರು ಕಣೇ," ಎಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಅವಳು ಕುರ್ಚಿಗೆ ಕುಸಿದಳು. "ಹೋಯ್ತು ಕಣೇ. ನನ್ನ ಮೂಗು ಹೋಯ್ತು. ಇನ್ನು ನಾನು ಯಾತಕ್ಕೆ?"

ಇನೆಸ್ ತೊಟ್ಟಿಯ ಚಿಂತೆಯನ್ನೇ ಮರೆತು ಅಪ್ಪನಿಗೆ ಫೋನ್ ಮಾಡಿದಳು. ದೋನ್ ಎವರಿಸ್ತೊ ಕೆಲಸ ಬಿಟ್ಟ ಮೇಲೆ ಎದುರಿನ ಕಾಫಿ ಅಂಗಡಿಯಲ್ಲಿ ಡಾಮಿನೊ ಆಡುತ್ತಾ ಇರುತ್ತಾರೆ. ಆಟ ಅರ್ಧಕ್ಕೆ ಬಿಟ್ಟು ಓಡಿಬಂದರು. ಬಾಯಲ್ಲಿ ಕಾಫಿ ವಾಸನೆ, ಮಡಿಯ ನೆನಪೇ ಇಲ್ಲ. ಅಳುತ್ತಿದ್ದ ಒಬ್ದೂಲಿಯಾಳನ್ನು ಹಿಡಿದುಕೊಂಡು ಒಂದು ಕೆನ್ನೆಗೆ ಮುತ್ತಿಟ್ಟರು, ಇನ್ನೊಂದಕ್ಕೆ ಬಗ್ಗಿದವರು ಅಲ್ಲೇ ನಿಂತರು.

"ಏನೇ ಇದು? ಆ ಬಾರ್ಸಿಲೋನಾದವರ ಲ್ಯಾವೆಂಡರ್ ಕಲೋನ್ ಬಳ್ಕೊಂಡು ನನ್ನ ಕಾರ್ಖಾನೆಗೇ ಬಂದಿದೀಯಾ?"

"ನಾನಾ? ದೇವರಾಣೆ ಇಲ್ಲ ಯಜಮಾನ್ರೇ!"

"ಕಾಲರ್ ಮೂಸಿ ನೋಡ್ಕೋ."

ಮೂಸಿದಳು. ಬಾಯಿ ತೆರೆದದ್ದು ತೆರೆದೇ ಇತ್ತು. "ಅಯ್ಯೋ, ಮಗು!"

ಒಬ್ದೂಲಿಯಾಗೆ ಮೊಮ್ಮಗ ಹುಟ್ಟಿ ಇನ್ನೂ ತಿಂಗಳಾಗಿಲ್ಲ. ನಮ್ಮಲ್ಲಿ ಮಗುವಿನ ತಲೆಗೆ ಕಲೋನ್ ಹಚ್ಚದಿದ್ದರೆ ಸ್ನಾನ ಮುಗಿದಂತೆಯೇ ಅಲ್ಲ. ಬೆಳಗ್ಗೆ ಸೊಸೆ ಸ್ನಾನ ಮಾಡಿಸಿ, ಕಲೋನ್ ಸುರಿದು, ಒದ್ದೆ ತಲೆಯ ಮಗುವನ್ನು ಇವಳ ಹೆಗಲಿಗೆ ಹಾಕಿದ್ದಾಳೆ. ಇವಳು ಬಗ್ಗಿದಾಗಲೆಲ್ಲ ಆ ಕಾಲರ್ ಸರಿಯಾಗಿ ಮೂಗಿನ ಕೆಳಗೇ ಬಂದಿದೆ.

"ನಮ್ಮದು ಮನೇಲಿ ಪೆಟ್ಟಿಗೆಗಟ್ಟಲೆ ಇದೆ! ಆ ಹುಡುಗಿ ಹೋಗಿ ಅವ್ರದ್ದು ತಂದಿದಾಳೆ! ಇವತ್ತಿದೆ ಅವಳಿಗೆ!"

ಅವಳು ಬೈಯಲು ಶುರುಮಾಡಿದಾಗಲೇ ನಮಗೆ ಹೋದ ಜೀವ ಬಂದಂತಾಯಿತು. ದೋನ್ ಎವರಿಸ್ತೊ ನಕ್ಕು ನಕ್ಕು ಮೇಜು ಹಿಡಿದುಕೊಂಡರು. ಒಬ್ದೂಲಿಯಾ ಕುತ್ತಿಗೆ ತೊಳೆದು, ಬೇರೆ ಅಂಗಿ ತೊಟ್ಟು, ಅಂಗಳದ ಗಾಳಿಗೆ ಒಂದಷ್ಟು ಓಡಾಡಿ ಬಂದಳು. ಕರವಸ್ತ್ರ ಎತ್ತಿಕೊಂಡಳು.

"ಹೂಂ. ಚೆನ್ನಾಗಿದೆ, ಪುಟ್ಟಿ."

ಇನೆಸ್ ಓಡಿಹೋಗಿ ಅವಳನ್ನು ತಬ್ಬಿಕೊಂಡಳು. ನನಗೂ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಆದರೂ ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

"ಅಲ್ಲ ಕಣೇ, ಆ ಬೀದೀಲಿ ನಿಂಬೆಹಣ್ಣು ಕೊಯ್ದ್ರೆ ಈ ಬೀದೀಲಿ ನಿಂಗೆ ಗೊತ್ತಾಗತ್ತೆ. ಬೆಳಗ್ಗೆ ನಿನ್ನ ಹೆಗಲ ಮೇಲೇ ಇದ್ದ ಲ್ಯಾವೆಂಡರ್ ಗೊತ್ತಾಗ್ಲಿಲ್ವಾ?"

ಒಬ್ದೂಲಿಯಾ ಮೂಗು ಒರೆಸಿಕೊಂಡಳು.

"ಮೂಸೋದೇ ಮರೆತುಹೋಯ್ತು ಕಣೇ. ಮಗು ನಿದ್ದೆ ಮಾಡ್ತಿತ್ತು."