ಕನ್‌ಫ್ರಂಟ್ ಅಂದರೆ ಯಾವ ಎದುರು?

ಬೆಳಿಗ್ಗೆ ರದ್ದಿಗೆ ಹಾಕಲು ಹಳೆಯ ಪುಸ್ತಕಗಳನ್ನು ಎಳೆಯುತ್ತಿದ್ದಾಗ, ಬೆನ್ನು ಹರಿದ ಇಂಗ್ಲಿಷ್-ಕನ್ನಡ ನಿಘಂಟು ಕಾಲ ಮೇಲೆ ಬಿತ್ತು. ನೋವಿಗಿಂತ ಮೊದಲು ಸಿಟ್ಟು ಬಂತು. ಅದರಲ್ಲಿ ಕನ್‌ಫ್ರಂಟ್ ಎಂಬ ಪದವೊಂದಿದೆ. ಅದು ನನ್ನನ್ನು ಹುರಿದು ಮುಕ್ಕಿದಷ್ಟು ಯಾವ ಮನುಷ್ಯನೂ ಮುಕ್ಕಿಲ್ಲ.

ಎಪ್ಪತ್ತರ ದಶಕದ ಕೊನೆ. ಬಿ.ಎ. ಮುಗಿಸಿ ಕೆಲಸ ಸಿಗದೆ, ಗುಬ್ಬಿಯ ಟ್ಯುಟೋರಿಯಲ್ ಒಂದರಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅಲ್ಲಿಗೆ ಮೆಹರುನ್ನಿಸಾ ಬರುತ್ತಿದ್ದರು. ಬಳೆ ಅಂಗಡಿಯವರ ಸೊಸೆ, ಎರಡು ಮಕ್ಕಳ ತಾಯಿ, ನನಗಿಂತ ಆರೇಳು ವರ್ಷ ದೊಡ್ಡವರು. ನರ್ಸ್ ಟ್ರೈನಿಂಗಿಗೆ ಸೇರಲೇಬೇಕೆಂಬ ಹಟ ಅವರದು. ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಬೇಕಿತ್ತು.

ಕನ್‌ಫ್ರಂಟ್ ಅಂದರೆ ಎದುರಿಸು ಎಂದೆ. ಮರುದಿನವೇ ವಾಕ್ಯ ಬರೆದು ತಂದರು: ಹೆಣ್ಣಿನ ಕಡೆಯವರು ಹೂವು ಹಿಡಿದು ಗಂಡಿನ ಕಡೆಯವರನ್ನು ಕನ್‌ಫ್ರಂಟ್ ಮಾಡಿದರು.

"ರೀ, ಅದು ಎದುರುಗೊಳ್ಳೋದು!"

"ಅದೂ ಎದುರೇ ಅಲ್ವಾ ಮೇಷ್ಟ್ರೇ?"

ಇನ್ನೊಂದು ದಿನ ತಂದ ವಾಕ್ಯ: ತಾಯಿ ಮಗನ ಕಾಗದವನ್ನು ಕನ್‌ಫ್ರಂಟ್ ಮಾಡುತ್ತಿದ್ದಾಳೆ. ಎದುರು ನೋಡುತ್ತಿದ್ದಾಳೆ ಎಂದರ್ಥವಂತೆ! ನಾನು ಸೀಮೆಸುಣ್ಣ ಬಿಸಾಡಿದೆ. ಅವರು ಅದನ್ನೆತ್ತಿ ಮೇಜಿನ ಮೇಲಿಟ್ಟರು.

"ಕೋಪ ಮಾಡ್ಕೋಬೇಡಿ. ನಾನು ಬಾಯಿ ತೆಗೆದ್ರೆ ಎದುರಾಡ್ತಾಳೆ ಅಂತಾರೆ ನಮ್ಮನೇಲಿ. ಇದು ಅದೇನಾ, ಬೇರೇನಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವಷ್ಟು ದೊಡ್ಡತನವೂ ಇರಲಿಲ್ಲ. "ಬಾಯಿಪಾಠ ಮಾಡಿ, ಸಾಕು" ಎಂದು ಗದರಿದೆ.

ಪರೀಕ್ಷೆಯ ಅರ್ಜಿಗೆ ಹೈಸ್ಕೂಲಿನ ಹೆಡ್‌ಮಾಸ್ಟರ ಸಹಿ ಬೇಕಿತ್ತು. ಮೆಹರುನ್ನಿಸಾ ಜೊತೆ ನಾನೂ ಹೋದೆ. ಹೆಡ್‌ಮಾಸ್ಟರು ಅರ್ಜಿಯನ್ನು ಬೆರಳ ತುದಿಯಿಂದ ತಳ್ಳಿ, ಆಕೆಯತ್ತ ನೋಡದೆ ನನಗೆ ಹೇಳಿದರು: "ಏನಪ್ಪಾ, ಇವ್ರು ಪಾಸಾಗಿ ಯಾವ ರಾಜ್ಯ ಆಳ್ಬೇಕು? ಮನೆ ನೋಡ್ಕೊಳ್ಳೋಕೆ ಹೇಳು."

ಆ ಮನುಷ್ಯ ನನಗೊಂದು ತಾತ್ಕಾಲಿಕ ಕೆಲಸ ಕೊಡಿಸುವುದಾಗಿ ಹೇಳಿದ್ದರು. ನಾನು "ಹೌದು ಸಾರ್" ಅಂದುಬಿಟ್ಟೆ.

ಮೆಹರುನ್ನಿಸಾ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಎರಡು ಹೆಜ್ಜೆ ಮುಂದೆ ಹೋಗಿ ಅರ್ಜಿಯನ್ನು ಮತ್ತೆ ಹೆಡ್‌ಮಾಸ್ಟರ ಮುಂದಕ್ಕೆ ಸರಿಸಿದರು.

"ನಾನು ಎದುರಾಡ್ತಿಲ್ಲ ಸಾರ್. ನಿಮ್ಮ ಎದುರಿಗೇ ನಿಂತು ಕೇಳ್ತಿದೀನಿ. ಯಾವ ರೂಲ್ ಪ್ರಕಾರ ಆಗಲ್ಲ ಅಂತ ಇದ್ರ ಮೇಲೇ ಬರ್ಕೊಡಿ, ಹೋಗ್ತೀನಿ."

ಬರೆದುಕೊಡಲು ಅಂಥ ರೂಲೇ ಇರಲಿಲ್ಲ. ಹೆಡ್‌ಮಾಸ್ಟರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು, ಗೊಣಗುತ್ತಲೇ ಸಹಿ ಹಾಕಿದರು.

ಮೆಹರುನ್ನಿಸಾ ಪಾಸಾದರು. ಟ್ರೈನಿಂಗ್ ಮುಗಿಸಿ ಕುಣಿಗಲ್ ಕಡೆ ನರ್ಸ್ ಆಗಿ ಹೊರಟಾಗ, ಖರ್ಜೂರದ ಪೊಟ್ಟಣ ಹಿಡಿದು ಟ್ಯುಟೋರಿಯಲ್ ಮೆಟ್ಟಿಲು ಹತ್ತಿ ಬಂದರು. "ನೀವು ಕಲಿಸಿದ್ದಕ್ಕೇ ಆಗಿದ್ದು ಮೇಷ್ಟ್ರೇ" ಎಂದರು. ಅವತ್ತು ಹೆಡ್‌ಮಾಸ್ಟರ ಮುಂದೆ ನನ್ನ ಬಾಯಿಂದ ಬಂದ ಮಾತನ್ನು ಅವರು ಮರೆತಿರಲಿಕ್ಕಿಲ್ಲ. ಎತ್ತಿ ಆಡಲಿಲ್ಲ, ಅಷ್ಟೆ. ನಾನು ಪೊಟ್ಟಣ ತೆಗೆದುಕೊಂಡೆ.

ನೋಡಿ, ಅವರ ಆ ವಾಕ್ಯಗಳನ್ನು ಹೇಳಿ ಹೇಳಿ ತುಮಕೂರಿನ ಗೆಳೆಯರನ್ನು ಎಷ್ಟೋ ವರ್ಷ ನಗಿಸಿದ್ದೇನೆ. ಹೆಡ್‌ಮಾಸ್ಟರ ಕೋಣೆಯಲ್ಲಿ ನಡೆದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳಿದ್ದೇನೆ.