ದಾಕ್ಷಾಯಣಿಯೂ ಉಪ್ಪಿನ ಟ್ಯಾಂಕೂ

ದಾಕ್ಷಾಯಣಿಯ ನೌಕರಿ ಬಾಗಿಲು ತೆಗೆಯುವುದು. ಇಪ್ಪತ್ನಾಲ್ಕು ವರ್ಷದ ಸರ್ವೀಸು, ಒಂದು ದಿನ ರಜೆಯಿಲ್ಲ. ಗಂಡ ಕೃಷ್ಣಾನಂದನದು ಕೇಂದ್ರ ಸರ್ಕಾರದ ಕೆಲಸ. ನಾಗಪುರ, ತಿರುವನಂತಪುರ, ಈಗ ಕೊಚ್ಚಿಯ ಕಾಕ್ಕನಾಡ್. ವರ್ಗವಾದಲ್ಲೆಲ್ಲ ಗ್ಯಾಸಿನವನ, ಕೇಬಲ್ಲಿನವನ, ಪ್ಲಂಬರನ ಹಾದಿ ಕಾಯುತ್ತಲೇ ಗದಗಿನ ಈ ಹೆಣ್ಣುಮಗಳು ಐವತ್ತು ದಾಟಿದಳು.

ಈ ಸಲ ಕೈಕೊಟ್ಟದ್ದು ಸಾಫ್ಟ್‌ನರ್, ಬೋರ್‌ವೆಲ್ಲಿನ ಗಡಸು ನೀರನ್ನು ಮೆದು ಮಾಡುವ ಯಂತ್ರ. ಸೋಪು ನೊರೆ ಬಿಡದು, ಬಕೆಟ್ಟಿಗೆಲ್ಲ ಬಿಳಿ ಪೊರೆ, ಕೃಷ್ಣಾನಂದನಿಗೆ ಮೈತುಂಬ ತುರಿಕೆ. "ಸರ್ವೀಸಿನಾಂವ ಗುರುವಾರದೊಳಗ ಬರ್ತಾನ. ಮನಿ ಬಿಟ್ಟು ಕದಲಬ್ಯಾಡ," ಎಂದು ಸೋಮವಾರ ಅವನ ಅಪ್ಪಣೆಯಾಯಿತು. ಗುರುವಾರ ಬೆಳಿಗ್ಗೆ ಎಂಟಕ್ಕೇ ಆಕೆಯ ಸ್ಕೂಟರ್ ಲೈಸೆನ್ಸಿನ ಪರೀಕ್ಷೆ. ಎರಡು ತಿಂಗಳು ಫ್ಲ್ಯಾಟಿನ ಕೆಳಗಿನ ಪಾರ್ಕಿಂಗ್‌ನಲ್ಲಿ, ಕಂಬಗಳ ನಡುವೆ ಎಂಟರ ಆಕಾರ ಸುತ್ತಿ ಸುತ್ತಿ ಕಲಿತಿದ್ದಳು. ಯಾರ ಹಂಗೂ ಇಲ್ಲದೆ ಮಾರ್ಕೆಟ್ಟಿಗೆ ಹೋಗಿಬರಬೇಕು, ಅಷ್ಟೇ ಆಸೆ.

ಬುಧವಾರ ಕಳೆದರೂ ಯಾರೂ ಬರಲಿಲ್ಲ. ಗುರುವಾರ ಗಂಡ ಬೂಟು ಹಾಕಿಕೊಳ್ಳುವಾಗ "ಪರೀಕ್ಷಾಕ್ಕ ಹೋಗಿ ಬಾ" ಅಂದಾನೆಂದು ಎದುರಿಗೇ ನಿಂತಳು. ಹೋದ ವಾರವೇ ಹೇಳಿದ್ದಳಲ್ಲ! ಪುಣ್ಯಾತ್ಮನಿಗೆ ನೆನಪೇ ಇಲ್ಲ; ಡಬ್ಬಿ ತಗೊಂಡು ಹೊರಟೇಬಿಟ್ಟ. ಇವಳಾದರೂ ಬಾಯಿಬಿಟ್ಟು ಕೇಳಬಹುದಿತ್ತು, ಕೇಳಲಿಲ್ಲ. ಎಂಟಾಯಿತು, ಎಂಟೂವರೆಯಾಯಿತು. ಮೊದಲು ಅಳು ಬಂತು, ಆಮೇಲೆ ಕೆಟ್ಟ ಸಿಟ್ಟು.

ಆ ಸಿಟ್ಟಿನಲ್ಲೇ ಯಂತ್ರದ ಪುಸ್ತಕ ಹುಡುಕಿ ಓದಿದಳು. ಟ್ಯಾಂಕಿನ ಉಪ್ಪು ನೀರಿನಲ್ಲಿ ಕರಗಿದರಷ್ಟೇ ಯಂತ್ರ ಕೆಲಸ ಮಾಡುವುದು, ಮೊದಲು ಉಪ್ಪು ನೋಡಿ ಎಂದಿತ್ತು. ಉಪ್ಪಿಗೇನು ಕಡಿಮೆ! ಮನೆಯಲ್ಲಿ ಉಪ್ಪಿನ ಭರಣಿ ಬರಿದಾಗಬಾರದೆಂದು ಅವ್ವ ಕಲಿಸಿದ್ದಳು. ಅದನ್ನೇ ಯಂತ್ರಕ್ಕೂ ನಡೆಸಿ, ಪ್ರತಿ ಶುಕ್ರವಾರ ಟ್ಯಾಂಕಿನ ಕಂಠಮಟ್ಟ ಸುರಿಯುತ್ತಿದ್ದಳು. ಅನುಮಾನ ಬಂದು ಮಾಪಿನ ಕೋಲಿನಿಂದ ಕುಟ್ಟಿದರೆ ಟೊಳ್ಳು ಸದ್ದು. ಇನ್ನೊಂದು ಏಟಿಗೆ ಉಪ್ಪು ಹಪ್ಪಳದಂತೆ ಮುರಿದು ಒಳಗೆ ಕುಸಿಯಿತು. ಕೊಚ್ಚಿಯ ಹಸಿಗಾಳಿಗೆ ತುಂಬಿದ ಉಪ್ಪು ಮೇಲೆಯೇ ಗಟ್ಟಿಕಟ್ಟಿ, ಕೆಳಗಿನ ನೀರಿಗೆ ಒಂದು ಹರಳೂ ಇಳಿದಿರಲಿಲ್ಲ. ಅವ್ವನ ಮಾತು ಅಡಿಗೆಮನೆಗಷ್ಟೇ ಎಂದು ಯಾರು ಹೇಳಬೇಕಿತ್ತು? ಗಂಟುಗಳನ್ನೆಲ್ಲ ಒಡೆದು, ಪುಸ್ತಕದಲ್ಲಿದ್ದಂತೆ ಗುಂಡಿ ಒತ್ತಿದಳು. ಯಂತ್ರ ಒಂದೂವರೆ ತಾಸು ಗೊರಗುಟ್ಟಿ ಸುಮ್ಮನಾಯಿತು. ನಲ್ಲಿ ತಿರುಗಿಸಿ ಸೋಪು ಹಚ್ಚಿದರೆ ಮೊಣಕೈವರೆಗೂ ನೊರೆ.

ಖುಷಿ ತಡೆಯಲಾರದೆ ಗಂಡನಿಗೆ ಫೋನು ಮಾಡಿದಳು. "ರೀ, ನಾನ ರಿಪೇರಿ ಮಾಡೇನಿ! ಆ ಸರ್ವೀಸಿನಾಂವಗ ಬರಬ್ಯಾಡಂತ ಹೇಳ್ರಿ."

"ಛಲೋ ಆತು ಬಿಡು. ಅಂವಾ ಈ ವಾರ ಆಗೂದಿಲ್ಲಂತ ಮಂಗಳವಾರನ ಫೋನ್ ಮಾಡಿದ್ದ."

"ನನಗ ಹೇಳಲೇ ಇಲ್ಲಲ್ಲಾ?"

"ಹೇಳೂದೇನೈತಿ? ಹೆಂಗೂ ನೀ ಮನ್ಯಾಗ ಇರ್ತೀಯಲ್ಲ."

ದಾಕ್ಷಾಯಣಿ ಕರೆ ಕಡಿದು, ಅದೇ ಫೋನಿನಲ್ಲಿ ಪರೀಕ್ಷೆಗೆ ಇನ್ನೊಂದು ದಿನ ಹುಡುಕಿದಳು. ಮುಂದಿನ ತಿಂಗಳ ಹದಿನೇಳಕ್ಕೆ ಸಿಕ್ಕಿತು. ಆ ತಾರೀಖನ್ನು ಗಂಡನಿಗೆ ಹೇಳಲಿಲ್ಲ.