ಬಜಾರಿನ ಮನೆಯ ಮುಂಗೋಡೆ

ಹೊನ್ನಾವರದ ಹಳೆಯ ಬಜಾರಿನ ಮನೆಗಳನ್ನು ಉಳಿಸಿಕೊಳ್ಳಲು ನಿಯಮಗಳನ್ನು ಬರೆದುಕೊಡುವ ಕೆಲಸ ಪಟ್ಟಣ ಪಂಚಾಯತಿಯಿಂದ ನನಗೆ ಬಂದಿತ್ತು. ನಾನು ಕುಮಟೆಯವಳು, ಓದಿದ್ದು ಆರ್ಕಿಟೆಕ್ಚರ್. ರಸ್ತೆಗೆ ಕಾಣುವ ಮುಂಭಾಗವನ್ನು ಕೆಡವಬಾರದು, ಹಿಂದೆ ಬೇಕಾದ್ದು ಕಟ್ಟಿಕೊಳ್ಳಬಹುದು. ಕೆಂಪು ಚಿರೆಕಲ್ಲಿನ ಗೋಡೆಗೆ ಸಿಮೆಂಟು ಬಳಿಯಬಾರದು, ಸುಣ್ಣದ ಗಾರೆಯೇ ಆಗಬೇಕು. ಕಾಗದದ ಮೇಲೆ ಇವೆಲ್ಲ ಬಹಳ ಸೌಮ್ಯವಾಗಿ ಕಾಣುತ್ತವೆ.

ಆ ಸಾಲಿನಲ್ಲಿ ಅಣ್ಣತಮ್ಮಂದಿರ ಜಂಟಿ ಮನೆಯೊಂದಿತ್ತು. ಅಣ್ಣ ಜಗಲಿಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ತಮ್ಮನಿಗೆ ಜಗಲಿ ಕೆಡವಿ, ಶಟರ್ ಹಾಕಿ ಮೊಬೈಲ್ ಅಂಗಡಿ ತೆರೆಯುವ ಆಸೆ. ನಿಯಮ ಬರುವ ಮೊದಲೇ ಒಡೆದುಬಿಟ್ಟರೆ ಯಾರೂ ಕೇಳುವುದಿಲ್ಲ ಎಂದು ಯಾರೋ ಅವನ ಕಿವಿಯೂದಿದ್ದರು.

ಒಂದು ಬೆಳಿಗ್ಗೆ ನಾನು ಆ ಜಗಲಿಯ ಅಳತೆ ತೆಗೆಯುತ್ತಿದ್ದೆ. ಟೇಪಿನ ಇನ್ನೊಂದು ತುದಿ ಅಣ್ಣನ ಕೈಯಲ್ಲಿತ್ತು. ತಮ್ಮ ದೊಡ್ಡ ಸುತ್ತಿಗೆ ಹಿಡಿದು ಬಂದವನು ನೇರ ಮೂಲೆಯ ಮರದ ಕಂಬಕ್ಕೆ ಬೀಸಿದ. ಕಂಬ ಬುಡದಲ್ಲಿ ಸೀಳಿತು.

"ಎಂತ ಮಾಡ್ತೆ ಮಾರಾಯ? ಮೇಲೆ ತೊಲೆ ಉಂಟು" ಎಂದು ಅಣ್ಣ ಅವನ ಕಾಲರ್ ಹಿಡಿದ.

"ಕೈ ಬಿಡು. ನಂದೂ ಪಾಲು ಉಂಟು ಇದ್ರಲ್ಲಿ."

ಅಣ್ಣ ಬಿಡಲಿಲ್ಲ. ತಮ್ಮ ಸುತ್ತಿಗೆಯ ಹಿಡಿಯಿಂದ ಅವನ ಬಾಯಿಗೆ ಗುದ್ದಿದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ರಕ್ತ ಅಂಗಿಯ ಮೇಲೆಲ್ಲ ಇಳಿಯಿತು. ಬಿಡಿಸಲು ಹೋದ ನನ್ನನ್ನು ತಮ್ಮ ಮೊಣಕೈಯಿಂದ ತಳ್ಳಿದ. ಮೆಟ್ಟಿಲ ಮೇಲೆ ಬಿದ್ದೆ, ಮಣಿಕಟ್ಟು ಮುರಿಯಿತು. ಅಷ್ಟಕ್ಕೂ ಅವನ ಸಿಟ್ಟು ಇಳಿಯಲಿಲ್ಲ. ತಿರುಗಿ ಕಂಬಕ್ಕೇ ಇನ್ನೊಂದು ಪೆಟ್ಟು ಹಾಕಿದ.

ತೊಲೆ ಕಳಚಿತು. ಹಂಚುಗಳು ಒಟ್ಟಿಗೇ ಸುರಿದವು. ಧೂಳು ಇಳಿದಾಗ ತಮ್ಮ ತೊಲೆಯ ಕೆಳಗೆ ಬಿದ್ದು ಕೂಗುತ್ತಿದ್ದ, ಅವನ ಮೊಣಕಾಲು ಉಲ್ಟಾ ತಿರುಗಿತ್ತು. ಎದುರಿನ ಅಂಗಡಿಯವರು ಓಡಿ ಬರುವಷ್ಟರಲ್ಲಿ ಅಣ್ಣ ರಕ್ತ ಉಗುಳುತ್ತ ತೊಲೆಗೆ ಹೆಗಲು ಕೊಟ್ಟಿದ್ದ.

ಆಸ್ಪತ್ರೆಗೆ ಬಂದ ಪೊಲೀಸರಿಗೆ ಅಣ್ಣ ಹೇಳಿದ್ದು, "ತೊಲೆ ಬಿತ್ತು ಸಾಹೇಬ್ರೆ, ಮುಖಕ್ಕೆ ತಾಗ್ತು" ಎಂದಷ್ಟೇ. ನನ್ನನ್ನೂ ಕೇಳಿದರು. ಅಣ್ಣ ನನ್ನನ್ನೇ ನೋಡುತ್ತಿದ್ದ. ನನ್ನ ಕೈ ಉರಿಯುತ್ತಿತ್ತು, ಮೈಯಲ್ಲೆಲ್ಲ ಹಂಚಿನ ಪುಡಿ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ತಮ್ಮನ ಮೇಲೆ ಕೇಸಾಯಿತು.

ಮಳೆಗಾಲ ಕಳೆದ ಮೇಲೆ ಮನೆಯ ದುರಸ್ತಿ ನಡೆಯಿತು. ಮುಂಗೋಡೆ ಉಳಿಯಿತು, ಅದರ ಹಿಂದಿನ ಕೋಣೆಯಲ್ಲಿ ತಮ್ಮನ ಅಂಗಡಿಯೂ ಆಯಿತು. ಮುರಿದ ಕಂಬದ ಜಾಗಕ್ಕೆ ಕೆತ್ತನೆಯಿಲ್ಲದ ಸಾದಾ ಕಂಬ ನಿಲ್ಲಿಸಿದೆವು. ಹೊಸದು ಹಳೆಯದರಂತೆ ನಟಿಸಬಾರದು ಎನ್ನುವುದೂ ನಿಯಮವೇ. ತಮ್ಮ ಊರುಗೋಲಿನಲ್ಲಿ ಓಡಾಡುತ್ತಿದ್ದ. ಅವರಿಬ್ಬರ ನಡುವೆ ಮಾತಿರಲಿಲ್ಲ.

ಕೆಲಸ ಮುಗಿದ ದಿನ ಅಣ್ಣನ ಹತ್ತಿರ ಹೋದೆ. ಅವನು ಬಟ್ಟೆಯಿಂದ ತಲೆ ಎತ್ತಲಿಲ್ಲ.

"ಸುಳ್ಳು ಹೇಳ್ಬೇಕಿತ್ತು ನೀವು" ಎಂದ. "ಅಂವ ನನ್ನ ತಮ್ಮ."

"ಅವತ್ತು ಅವನು ನಿಮ್ಮನ್ನು ಕೊಂದುಬಿಡ್ತಿದ್ದ."

"ಆತು, ಹೋಗಿ ಬನ್ನಿ" ಎಂದು ಯಂತ್ರ ತುಳಿಯತೊಡಗಿದ.